ತೆಪ್ಪದ ಮೇಲಿನ ಬೀವರ್ ಟ್ರ್ಯಾಪ್ ಖಾಲಿ ಬಂದರೆ: ದೋಷ ಹುಡುಕುವ ಕ್ರಮ

ಬೀವರ್ (ಮರ ಕಡಿದು ತಿನ್ನುವ, ನೀರಿನಲ್ಲಿ ಬಾಳುವ ದೊಡ್ಡ ದಂಶಕ) ಹಿಡಿಯಲು ತೆಪ್ಪದ ಮೇಲೆ ಹೂಡಿದ ಟ್ರ್ಯಾಪ್ ಎರಡು ರಾತ್ರಿ ಖಾಲಿ ಬಂದರೆ ಬಹಳ ಜನ ಮೊದಲು ಬದಲಿಸುವುದು ಅದನ್ನು ಸೆಳೆಯುವ ವಾಸನೆಯ ಬಾಟಲಿಯನ್ನು. ಅದು ಕೊನೆಗೆ ಮುಟ್ಟಬೇಕಾದ್ದು. ಮೊದಲು ಸ್ಕೇಲು, ಆಮೇಲೆ ರಸಮಟ್ಟ, ಆಮೇಲೆ ಸ್ಪ್ರಿಂಗ್ ತಕ್ಕಡಿ. ತೆಪ್ಪ ಎಷ್ಟು ಮುಳುಗಿದೆ, ಯಾವ ಕಡೆಗೆ ವಾಲಿದೆ, ಟ್ರ್ಯಾಪಿನ ತಟ್ಟೆ (ಮೆಟ್ಟಿದರೆ ಟ್ರ್ಯಾಪ್ ಸಿಡಿಯುವ ಭಾಗ) ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ ಎಂಬ ಮೂರು ಲೆಕ್ಕ ಸರಿಯಿಲ್ಲದಿದ್ದರೆ ಎಂಥ ಒಳ್ಳೆಯ ವಾಸನೆ ಹಚ್ಚಿದರೂ ಬೀವರ್ ಬಂದು, ಮೂಸಿ, ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಬೀವರ್ ಬಗ್ಗೆ. ಬೆಳೆದದ್ದು 16ರಿಂದ 30 ಕಿಲೋ ತೂಗುತ್ತದೆ. ದಡಕ್ಕೆ ಗೂಟ ಹೊಡೆದು ಹೂಡುವ ಟ್ರ್ಯಾಪ್ ನೀರಿನ ಮಟ್ಟ ನಿಂತಲ್ಲಿ ನಿಂತಿದ್ದರೆ ಸಾಕು. ಮಿಸಿಸಿಪಿ ಕೆಳಕಣಿವೆಯ ಜೌಗು, ವಿದ್ಯುತ್‌ಗೆ ನೀರು ಬಿಡುವ ಜಲಾಶಯ, ಮಳೆಗೆ ಅರ್ಧ ದಿನದಲ್ಲಿ ಏರುವ ಹೊಳೆ, ಇಂಥ ಕಡೆ ಅದು ಬೆಳಗಾಗುವುದರೊಳಗೆ ಒಂದೋ ಒಣಗಿದ ಕೆಸರಿನಲ್ಲಿರುತ್ತದೆ, ಇಲ್ಲವೇ ಮೊಣಕಾಲುದ್ದ ನೀರಿನಡಿ ಇರುತ್ತದೆ. ತೆಪ್ಪ ಇರುವುದು ಇದಕ್ಕೆ. ಲೈಸೆನ್ಸು, ಋತು, ಟ್ರ್ಯಾಪಿಗೆ ಹೆಸರಿನ ಪಟ್ಟಿ, ಎಷ್ಟು ಗಂಟೆಗೊಮ್ಮೆ ನೋಡಬೇಕು ಎಂಬುದೆಲ್ಲ ರಾಜ್ಯಕ್ಕೊಂದು ಬಗೆ. ಮ್ಯಾಸಚೂಸೆಟ್ಸ್‌ನಂಥ ರಾಜ್ಯ 1996ರ ಜನಮತದಲ್ಲೇ ಮೈ ಹಿಡಿಯುವ ಟ್ರ್ಯಾಪುಗಳಿಗೆ ಕಡಿವಾಣ ಹಾಕಿದೆ. ಹಲಗೆ ಕೊಯ್ಯುವ ಮೊದಲೇ ವನ್ಯಜೀವಿ ಇಲಾಖೆಯ ನಿಯಮ ಓದಿಕೊಳ್ಳಿ. ಇನ್ನೊಂದು ಮಾತು: ಕನ್ನಡದಲ್ಲಿ ಕೆಲವರು ಬೀವರನ್ನೂ ನೀರುನಾಯಿ ಎಂದೇ ಬರೆದುಬಿಡುತ್ತಾರೆ. ಎರಡೂ ಬೇರೆ. ನಮ್ಮ ತುಂಗಭದ್ರೆಯಲ್ಲಿರುವುದು ನೀರುನಾಯಿ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆಯಿದೆ, ಟ್ರ್ಯಾಪ್ ಹೂಡಿದರೆ ಅದು ಬೇಟೆಯೆಂದೇ ಲೆಕ್ಕ. ಈ ಬರಹದ ಯಾವ ಸಾಲನ್ನೂ ಇಲ್ಲಿನ ಹೊಳೆಗೆ ಹಚ್ಚಬಾರದು.

ಮೊದಲು ಲೆಕ್ಕಕ್ಕೆ ಒಂದು ತೆಪ್ಪ

ದೋಷ ಅಳೆಯಲು ಸರಿಯಾದ ಅಳತೆ ಗೊತ್ತಿರಬೇಕು. 12 ಮಿಮೀ ಪ್ಲೈವುಡ್ಡಿನಲ್ಲಿ 120 × 60 ಸೆಂಮೀ ಹಲಗೆ. ಒಂದು ತುದಿಯ ನಡುವೆ 36 × 36 ಸೆಂಮೀ ಚೌಕ ಕೊಯ್ದು ತೆಗೆದರೆ ಅದೇ ಬೀವರ್ ಒಳಬರುವ ಬಾಯಿ, ಎರಡು ಪಕ್ಕ 12 ಸೆಂಮೀ ಅಗಲದ ತೋಳುಗಳು ಉಳಿಯುತ್ತವೆ. ಹಲಗೆಯ ಅಡಿಗೆ ಅದೇ ಆಕಾರದಲ್ಲಿ 5 ಸೆಂಮೀ ದಪ್ಪದ ಎಕ್ಸ್‌ಪಿಎಸ್ ಫೋಮ್ ಎರಡು ಪದರ. ಇದು ನೀಲಿ ಅಥವಾ ಗುಲಾಬಿ ಬಣ್ಣದ, ಗೋಡೆಗೆ ಹಾಕುವ ಗಟ್ಟಿ ಫೋಮ್. ಬಿಳಿ ಥರ್ಮಕೋಲ್ ಬೇಡ: ಕಾಳುಗಳ ನಡುವೆ ನೀರು ಇಳಿಯುತ್ತದೆ, ಉದುರಿ ಹೊಳೆಗೂ ಸೇರುತ್ತದೆ. ಫೋಮನ್ನು ಕೋಳಿ ಜಾಲರಿಯಲ್ಲಿ ಸುತ್ತಿ, ಅಗಲ ವಾಶರ್ ಹಾಕಿ ಬಿಗಿಯಬೇಕು. ಜಾಲರಿ ಇಲ್ಲದಿದ್ದರೆ ಮಸ್ಕ್‌ರ್ಯಾಟ್ (ನೀರಿನಲ್ಲಿ ಬಾಳುವ ದೊಡ್ಡ ಇಲಿಯಂಥ ಪ್ರಾಣಿ) ಕಡಿಯುತ್ತದೆ.

ಬಾಯಿಯ ಕೆಳಗೆ ಟ್ರ್ಯಾಪ್ ಕೂರುವ ಹಲಗೆ ನೇತಾಡಬೇಕು. ಅದಕ್ಕೆ ಕಬ್ಬಿಣದ ಎಲ್ ಪಟ್ಟಿಗಳಲ್ಲಿ 2.5 ಸೆಂಮೀಗೊಂದು ತೂತು ಕೊರೆದಿಟ್ಟರೆ ಎತ್ತರ ಏರಿಸಿ ಇಳಿಸಲು ಬೋಲ್ಟ್ ಬಿಚ್ಚಿ ಹಾಕಿದರಾಯಿತು. ಮೊಳೆ ಹೊಡೆದು ಒಂದೇ ಆಳಕ್ಕೆ ನಿಲ್ಲಿಸುವವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಈಗ ತೂಕ. ಪ್ಲೈವುಡ್ 4 ಕಿಲೋ ಚಿಲ್ಲರೆ, ಫೋಮ್ 2ಕ್ಕೆ ಕಡಿಮೆ, ನೇತಾಡುವ ಹಲಗೆ ಪಟ್ಟಿ ಸೇರಿ 2, ಟ್ರ್ಯಾಪ್ ಸುಮಾರು ಒಂದೂವರೆ, ಜಾಲರಿ ತಂತಿ ಬೋಲ್ಟ್ 2, ಮೇಲೆ ಹಾಕುವ ಕೆಸರು ಮತ್ತು ಹುಲ್ಲು 6. ಒಟ್ಟು ಹದಿನೇಳೂವರೆ ಕಿಲೋ. ಈ ಆಕಾರದ ತೆಪ್ಪ ಒಂದು ಸೆಂಮೀ ಮುಳುಗಲು ಸುಮಾರು 6 ಕಿಲೋ ಬೇಕು. ಅಂದರೆ 3 ಸೆಂಮೀ ಮುಳುಗಿ 8 ಸೆಂಮೀ ನೀರಿನ ಮೇಲೆ ನಿಲ್ಲಬೇಕು. ನಿಮ್ಮದು 5 ಸೆಂಮೀ ಮುಳುಗಿದ್ದರೆ ಎಲ್ಲೋ 12 ಕಿಲೋ ಹೆಚ್ಚುವರಿ ಇದೆ. ಸಾಮಾನ್ಯವಾಗಿ ಅದು ಕೆಸರು. ಪೂರ್ತಿ ಬಕೆಟ್ ಸುರಿದಿರುತ್ತಾರೆ. ಇಲ್ಲವೇ ಕೆಳಗಿನ ತಂತಿ ಬಿಗಿದು ತೆಪ್ಪವನ್ನು ಎಳೆದು ಹಿಡಿದಿದೆ.

ಮೂತಿ ತಗ್ಗಿದೆ

ಬಾಯಿ ಕೊಯ್ದ ತುದಿಯಲ್ಲಿ, ಅಂದರೆ ತೆಪ್ಪದ ಮೂತಿಯಲ್ಲಿ, ಫೋಮ್ ಕಡಿಮೆ, ಟ್ರ್ಯಾಪಿನ ಭಾರ ಇರುವುದೂ ಅಲ್ಲೇ. ಹಾಗಾಗಿ ಮೇಲಿನ ಲೆಕ್ಕದ ತೆಪ್ಪವನ್ನು ಹಾಗೆಯೇ ನೀರಿಗೆ ಬಿಟ್ಟರೆ ಮೂತಿ ಹೆಚ್ಚುಕಡಿಮೆ 4 ಸೆಂಮೀ ತಗ್ಗುತ್ತದೆ. ಇದು ತಯಾರಿಯ ತಪ್ಪಲ್ಲ, ಆಕಾರದ ಗುಣ. ಎರಡು ತೋಳುಗಳ ಅಡಿಗೆ ಮಾತ್ರ ಮೂರನೆಯ ಪದರ ಫೋಮ್ ಸೇರಿಸಿ, ಹಿಂದಿನ ಅಂಚಿನ ಹತ್ತಿರ 3 ಕಿಲೋ ಕಲ್ಲೊಂದನ್ನು ಕಟ್ಟಿದರೆ ಮಟ್ಟ ಬರುತ್ತದೆ. ರಸಮಟ್ಟ ಇಡುವಾಗ ಕೆಸರು, ಟ್ರ್ಯಾಪ್, ತಂತಿ ಎಲ್ಲ ಇರಬೇಕು. ಬರಿ ತೆಪ್ಪದ ಮೇಲೆ ಇಟ್ಟು ನೋಡಿದರೆ ಪ್ರಯೋಜನವಿಲ್ಲ.

ವಾಸನೆ ಹಚ್ಚುವ ಕೆಸರಿನ ಗುಪ್ಪೆ ಎಲ್ಲಿದೆ ಎಂಬುದೂ ಮುಖ್ಯ. ಅದು ಬಾಯಿಯ ಒಳಅಂಚಿನಿಂದ 20 ಸೆಂಮೀ ಹಿಂದೆ, ಹೆಚ್ಚುಕಡಿಮೆ ಹಲಗೆಯ ನಡುವೆ ಇರಬೇಕು. ಇನ್ನೂ ಹಿಂದಕ್ಕೆ ಸರಿಸಿದರೆ 6 ಕಿಲೋ ಕೆಸರೇ ಮೂತಿಯನ್ನು ಒಂದೂವರೆ ಎರಡು ಸೆಂಮೀ ಎತ್ತಿಬಿಡುತ್ತದೆ, 7 ಸೆಂಮೀ ಆಳದಲ್ಲಿದ್ದ ತಟ್ಟೆ ಐದರ ಆಸುಪಾಸಿಗೆ ಬರುತ್ತದೆ. ಮಳೆ ಬಂದ ಮರುದಿನ ಕೆಸರು ಕರಗಿ ಒಂದು ಪಕ್ಕಕ್ಕೆ ಹರಿದಿರುವುದೂ ಉಂಟು. ಗುಪ್ಪೆಯ ಸುತ್ತ ಎರಡು ಬೆರಳೆತ್ತರದ ಮರದ ಪಟ್ಟಿ ಹೊಡೆದರೆ ಹರಿಯುವುದಿಲ್ಲ.

ಬಕೆಟ್ ಪರೀಕ್ಷೆ ಮಾಡಿ. ಟ್ರ್ಯಾಪ್ ಮುಚ್ಚಿಟ್ಟು, 8 ಲೀಟರ್ ನೀರು ತುಂಬಿದ ಬಕೆಟ್ಟನ್ನು ಬಾಯಿಯ ಒಳಅಂಚಿನಲ್ಲಿ ಇಡಿ. ಮುಂಗಾಲೂರಿ ಎದೆ ಎತ್ತುವ ಬೀವರ್ ಹಾಕುವ ಭಾರ ಹೆಚ್ಚುಕಡಿಮೆ ಅಷ್ಟೇ ಎಂದಿಟ್ಟುಕೊಳ್ಳಬಹುದು. ಮೂತಿ 4ರಿಂದ 5 ಸೆಂಮೀ ಇಳಿದು ನಿಂತರೆ ಸರಿ. ಅದಕ್ಕಿಂತ ಹೆಚ್ಚು ಇಳಿದರೆ ಫೋಮ್ ನೀರು ಕುಡಿದಿದೆ, ಅಥವಾ ತೋಳಿನ ಪದರ ಬಿಚ್ಚಿ ಹೋಗಿದೆ. ಒಂದೇ ಪದರದ ತೆಪ್ಪ ಈ ಪರೀಕ್ಷೆಯಲ್ಲಿ ಸೋಲುತ್ತದೆ: ಮೂತಿ ಪೂರ್ತಿ ಮುಳುಗಿ, ಬೀವರ್ ಮೇಲೆ ಹತ್ತುವ ಬದಲು ಹಾಗೇ ಈಜಿಕೊಂಡು ಹಿಂದೆ ಸರಿಯುತ್ತದೆ. ಅಲುಗಾಡುವ ಹಲಗೆಗೆ ಒಮ್ಮೆ ಹೆದರಿದ ಬೀವರ್ ಸುಲಭಕ್ಕೆ ಮರಳಿ ಕಾಲಿಡುವುದಿಲ್ಲ.

ಟ್ರ್ಯಾಪ್ ಸಿಡಿದಿದೆ, ಏನೂ ಸಿಕ್ಕಿಲ್ಲ

ಟ್ರ್ಯಾಪಿನ ದವಡೆಗಳನ್ನು (ಕಚ್ಚಿ ಹಿಡಿಯುವ ಎರಡು ಕಮಾನು) ತೊಳೆಯುವ ಮೊದಲು ಕಣ್ಣ ಹತ್ತಿರ ಹಿಡಿದು ನೋಡಿ. ಉತ್ತರ ಅಲ್ಲೇ ಇರುತ್ತದೆ.

ದವಡೆಯ ನಡುವೆ ಮೆತ್ತನೆಯ ಬೂದುಗಂದು ಕೂದಲಿನ ಚಿಕ್ಕ ಗೊಂಚಲು ಇದ್ದರೆ ಅದು ಎದೆ ಅಥವಾ ಹೊಟ್ಟೆಯ ಕೂದಲು. ಬೀವರ್ ಈಜುವಾಗ ಹಿಂಗಾಲಿನಲ್ಲಿ ಒದೆಯುತ್ತದೆ, ಮುಂಗಾಲುಗಳನ್ನು ಎದೆಗೆ ಮಡಚಿಕೊಂಡಿರುತ್ತದೆ. ದಡಕ್ಕೆ ಮೊದಲು ತಾಗುವುದು ಎದೆ. ತಟ್ಟೆ ನಟ್ಟನಡುವೆ, ಮೇಲೆ ಮೇಲೆ ಇದ್ದರೆ ಎದೆಯೇ ಅದನ್ನು ಒತ್ತಿಬಿಡುತ್ತದೆ. ದವಡೆಗೆ ಹಿಡಿಯಲು ಕೂದಲು ಬಿಟ್ಟು ಬೇರೇನೂ ಸಿಗುವುದಿಲ್ಲ. ಪರಿಹಾರ ಎರಡು. ಟ್ರ್ಯಾಪನ್ನು ನಡುಗೆರೆಯಿಂದ 6–7 ಸೆಂಮೀ ಒಂದು ಪಕ್ಕಕ್ಕೆ ಸರಿಸಿ. ಆಳವನ್ನೂ ಅಳೆಯಿರಿ: ಮುಂಗಾಲಿಗೆ ಹೂಡಿದ್ದರೆ ತಟ್ಟೆ ನೀರಿನಿಂದ 7 ಸೆಂಮೀ ಕೆಳಗೆ, ಹಿಂಗಾಲಿಗಾದರೆ 22ರಿಂದ 25. ನಡುವಿನ 12–15 ಸೆಂಮೀ ಎಂಬುದು ಯಾವ ಕಾಲಿಗೂ ಅಲ್ಲದ ಆಳ, ಆದರೂ ಬಹಳ ತೆಪ್ಪಗಳಲ್ಲಿ ಕಾಣುವುದು ಅದೇ.

ಆಯ್ಕೆಯಿದ್ದರೆ ಹಿಂಗಾಲೇ ಮೇಲು. ಮುಂಗಾಲು ಚಿಕ್ಕದು, ತಿರುಚಿ ಬಿಡಿಸಿಕೊಳ್ಳುವ ಸಂಭವ ಹೆಚ್ಚು. ಜಾಲಪಾದದ ಹಿಂಗಾಲು ಅಂಗೈಗಿಂತ ದೊಡ್ಡದು, ಹಿಡಿತ ಗಟ್ಟಿ. ಹಿಂಗಾಲಿಗೆ ಹೂಡುವಾಗ ಟ್ರ್ಯಾಪನ್ನು ಬಾಯಿಯ ಹೊರತುದಿಗೆ ತನ್ನಿ. ಮುಂಗಾಲು ಒಳಅಂಚಿಗೆ ಬಂದಾಗ ಹಿಂಗಾಲು ಇರುವುದು ಅಲ್ಲಿ. ಎರಡು ಉದ್ದ ಸ್ಪ್ರಿಂಗಿನ 4ನೇ ನಂಬರಿನ ಟ್ರ್ಯಾಪ್, ಎಂಬಿ-750 ಎಂಬ ಮಾದರಿ, ಇಂಥ 16–19 ಸೆಂಮೀ ದವಡೆಯವೇ ಇದಕ್ಕೆ ಬೇಕು. ಮಸ್ಕ್‌ರ್ಯಾಟಿಗೆಂದು ತಂದ ಚಿಕ್ಕ ಟ್ರ್ಯಾಪ್ ಬೀವರಿನ ಹಿಂಗಾಲನ್ನು ಹಿಡಿಯುವುದಿಲ್ಲ, ಕಾಲು ಜಾರಿಹೋಗುತ್ತದೆ.

ಕೂದಲೂ ಇಲ್ಲ, ಗೀರೂ ಇಲ್ಲ, ಆದರೂ ಸಿಡಿದಿದೆ ಎಂದಾದರೆ ಹಗುರವಾದ ಯಾವುದೋ ಮೆಟ್ಟಿದೆ. ಮಸ್ಕ್‌ರ್ಯಾಟ್ ಒಂದು ಕಿಲೋ ಆಸುಪಾಸು, ಬಾತು ಅಷ್ಟೇ, ಬಿಸಿಲು ಕಾಯಲು ಹತ್ತುವ ಆಮೆ ಇನ್ನೊಂದಿಷ್ಟು. ತಟ್ಟೆಯ ಬಿಗಿ ಅಳೆಯಿರಿ: ಹೂಡಿದ ಟ್ರ್ಯಾಪಿನ ತಟ್ಟೆಗೆ ಪಕ್ಕದಿಂದ ಉದ್ದ ಕೋಲಿನಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಕೆಳಗೆಳೆದರೆ 2 ಕಿಲೋ ದಾಟಿದ ಮೇಲೆ ಬೀಳಬೇಕು. ಕಡಿಮೆಗೇ ಬಿದ್ದರೆ ತಟ್ಟೆಯ ಬೋಲ್ಟ್ ಬಿಗಿಯಿರಿ. ಬೆರಳು ಯಾವ ಕಾರಣಕ್ಕೂ ದವಡೆಯೊಳಗೆ ಹೋಗಕೂಡದು.

ಬಿಗಿ ಸರಿಯಿದ್ದೂ ತಾನಾಗಿ ಸಿಡಿಯುತ್ತಿದ್ದರೆ ಟ್ರ್ಯಾಪ್ ಹಲಗೆಯ ಮೇಲೆ ಕುಳಿತಿಲ್ಲ, ಅಲೆಗೆ ಕುಣಿಯುತ್ತಿದೆ. ನಾಲ್ಕು ಮೂಲೆಗೆ ಚಿಕ್ಕ ಮರದ ತುಂಡು ಹೊಡೆದು ಜಾರದಂತೆ ಮಾಡಿ. ಸ್ಪ್ರಿಂಗಿನಡಿ ಕಲ್ಲು ಸಿಕ್ಕಿ ಒಂದು ಮೂಲೆ ಎದ್ದಿದ್ದರೂ ಇದೇ ಆಗುತ್ತದೆ, ಆದರೆ ಮೆಟ್ಟಿದಾಗ ಟ್ರ್ಯಾಪ್ ತೂಗಾಡುವುದೇ ಹೆಚ್ಚಿನ ನಷ್ಟ.

ಸಿಡಿದಿಲ್ಲ, ಕೆಸರು ಮಾತ್ರ ಕೆದರಿದೆ

ಬೀವರ್ ಬಂದಿದೆ, ಬಾಯಿಯ ಕಡೆಯಿಂದಲ್ಲ. ಉಳಿದ ಮೂರು ಅಂಚಿಗೆ 15–20 ಸೆಂಮೀ ಎತ್ತರದ ಕಡ್ಡಿಗಳನ್ನು ಬೇಲಿಯಂತೆ ನಿಲ್ಲಿಸಬೇಕು. ಕಡ್ಡಿ ಒಣಗಿದ್ದಾಗಿರಲಿ. ಹಸಿ ಪಾಪ್ಲರ್ ಅಥವಾ ವಿಲೋ ಕಡ್ಡಿ ನೆಟ್ಟರೆ ಬೀವರ್ ಬೇಲಿಯನ್ನೇ ಕಿತ್ತು ತಿಂದುಕೊಂಡು ಹೋಗುತ್ತದೆ. ಹಸಿ ಪಾಪ್ಲರಿಗೆ ಜಾಗ ಗುಪ್ಪೆಯ ಹಿಂದೆ, ತಂತಿಯಲ್ಲಿ ಬಿಗಿದು.

ಬೇಲಿಯೂ ಇದ್ದು ಬಾಯಿಯಿಂದಲೇ ಬಂದು ಹೋಗಿದ್ದರೆ ತಟ್ಟೆ ಆಳವಾಗಿದೆ ಅಥವಾ ಅದರಡಿ ಎಲೆ, ಜೊಂಡು ತುಂಬಿ ಕೆಳಗಿಳಿಯಲು ಜಾಗವಿಲ್ಲ. ಹರಿಯುವ ನೀರಿನಲ್ಲಿ ಇದು ಖಾಯಂ ಕಾಯಿಲೆ. ಬಾಯಿಯನ್ನು ಹರಿವಿಗೆ ಎದುರಾಗಿ ತಿರುಗಿಸಿದ್ದರೆ ಹೊಳೆಯ ಕಸವೆಲ್ಲ ಅಲ್ಲಿ ಬಂದು ಸೇರುತ್ತದೆ. ಬಾಯಿ ಹರಿವಿನ ಕೆಳಕ್ಕಿರಲಿ, ತಟ್ಟೆಯಡಿಗೆ ಅಂಗೈಯಗಲ ತೆಳು ಫೋಮ್ ಶೀಟ್ ಇಡಿ: ಕಸ ಒಳಗೆ ಸೇರುವುದಿಲ್ಲ, ಮೆಟ್ಟಿದರೆ ಒತ್ತಿಕೊಳ್ಳುತ್ತದೆ.

ತೆಪ್ಪ ಜಾಗದಲ್ಲಿಲ್ಲ

ಒಂದೇ ಹಗ್ಗದ ಲಂಗರು ತೆಪ್ಪವನ್ನು ಗಾಳಿ ಬಂದ ಕಡೆಗೆಲ್ಲ ತಿರುಗಿಸುತ್ತದೆ. ಹೂಡಿದಾಗ ನೀರಿನ ಕಡೆಗಿದ್ದ ಬಾಯಿ ಬೆಳಿಗ್ಗೆ ಜೊಂಡಿನೊಳಗೆ ಮುಖ ಹುದುಗಿಸಿರುತ್ತದೆ. ಎರಡು ಮೀಟರ್‌ವರೆಗಿನ ಆಳಕ್ಕೆ ಜಿಐ ಪೈಪ್ ಎರಡನ್ನು ಕೆಸರಿಗೆ 60 ಸೆಂಮೀ ಇಳಿಯುವಂತೆ ಹೊಡೆದು, ತೆಪ್ಪದ ಹಿಂದಿನ ಎರಡು ಮೂಲೆಯ ಬಳೆಗಳೊಳಗೆ ಹಾಯಿಸಿದರೆ ತೆಪ್ಪ ಏರುತ್ತದೆ, ಇಳಿಯುತ್ತದೆ, ತಿರುಗುವುದಿಲ್ಲ. ನೀರು ಇಳಿದ ಮೇಲೂ ತೆಪ್ಪ ಮೇಲೇ ಸಿಕ್ಕಿಕೊಂಡಿದ್ದರೆ ಬಳೆ ಚಿಕ್ಕದಾಗಿದೆ ಅಥವಾ ಪೈಪುಗಳು ಒಂದಕ್ಕೊಂದು ಓರೆಯಾಗಿವೆ. ಬಳೆ 7–8 ಸೆಂಮೀ ಇರಲಿ, ಪೈಪಿಗೆ ತೂಗುಗುಂಡು ಹಿಡಿದು ನೋಡಿ.

ಆಳ ಹೆಚ್ಚಿದ್ದರೆ ಹಿಂದಿನಿಂದ ಎರಡು ಲಂಗರು, ಇಂಗ್ಲಿಷ್ ವಿ ಆಕಾರದಲ್ಲಿ, ಹಗ್ಗ ಆಳದ ಒಂದೂವರೆ ಪಟ್ಟು. ಲಂಗರಿನ ತೂಕದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ದಡದಲ್ಲಿ 20 ಕಿಲೋ ತೂಗಿದ ಕಾಂಕ್ರೀಟ್ ಬ್ಲಾಕ್ ನೀರಿನಡಿ 12 ಕಿಲೋಗೆ ಇಳಿಯುತ್ತದೆ. 20 ಕಿಲೋ ಮರಳ ಚೀಲದ್ದೂ ಹೆಚ್ಚುಕಡಿಮೆ ಅಷ್ಟೇ, ಹನ್ನೆರಡೂವರೆ. ಹಳೆಯ ಕಬ್ಬಿಣವಾದರೆ 17 ಉಳಿಯುತ್ತದೆ.

ಸಿಕ್ಕಿದೆ, ಆದರೆ ನೀರಿನ ಮೇಲೇ ಇದೆ

ಉಳಿದೆಲ್ಲ ದೋಷಗಳಲ್ಲಿ ನಷ್ಟ ನಿಮ್ಮದು. ಇದರಲ್ಲಿ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಕಾಲು ಬಿಡಿಸಿಕೊಂಡು ಗಾಯದೊಂದಿಗೆ ಹೋಗುವುದೂ ಇಲ್ಲಿಯೇ. ಇದು ಸರಿಯಾಗುವವರೆಗೆ ಕಾಲು ಹಿಡಿಯುವ ಟ್ರ್ಯಾಪನ್ನು ತೆಪ್ಪದ ಮೇಲೆ ಹೂಡಬಾರದು.

ಸಿಕ್ಕ ಪ್ರಾಣಿಯನ್ನು ನೀರಿನಡಿಯೇ ಉಳಿಸುವ ವ್ಯವಸ್ಥೆ ಹೀಗೆ: ತೆಪ್ಪದ ಮೂತಿಯಡಿಯಿಂದ ತಳದ ಭಾರಕ್ಕೆ 3 ಮಿಮೀ ಉಕ್ಕಿನ ಕೇಬಲ್, ಅದರ ಮೇಲೆ ಕೆಳಮುಖವಾಗಿ ಮಾತ್ರ ಜಾರುವ ಎಲ್ ಆಕಾರದ ಲಾಕು, ಲಾಕಿಗೆ ಟ್ರ್ಯಾಪಿನ ಸರಪಣಿ. ಬೀವರ್ ಹೆದರಿ ಮುಳುಗುತ್ತದೆ, ಲಾಕು ಜೊತೆಗೆ ಜಾರುತ್ತದೆ, ಮತ್ತೆ ಮೇಲೆ ಬರಲು ಬಿಡುವುದಿಲ್ಲ.

ಮೊದಲ ಪರೀಕ್ಷೆ ಕೈಯಲ್ಲಿ. ಲಾಕನ್ನು ಕೆಳಗೆ ತಳ್ಳಿ: ಸರಾಗ ಹೋಗಬೇಕು. ಸರಪಣಿ ಹಿಡಿದು ಮೇಲಕ್ಕೆಳೆಯಿರಿ: ಕಚ್ಚಿ ನಿಲ್ಲಬೇಕು. ಉಲ್ಟಾ ಪೋಣಿಸಿದ ಲಾಕು ದೋಣಿಯಲ್ಲಿ ಕಾಣುವುದಿಲ್ಲ, ಬೆಳಿಗ್ಗೆ ಕಾಣುತ್ತದೆ. ಕೇಬಲ್ಲನ್ನು ಎರಡು ಬೆರಳ ನಡುವೆ ಉದ್ದಕ್ಕೂ ಎಳೆದು ನೋಡಿ, ಒಂದೇ ಒಂದು ಮಡಿಕೆ ಇದ್ದರೂ ಲಾಕು ಅಲ್ಲಿ ನಿಲ್ಲುತ್ತದೆ. ಮಡಚಿದ ಕೇಬಲ್ ನೇರವಾಗುವುದಿಲ್ಲ, ಬಿಸಾಡಿ ಹೊಸದು ಹಾಕಿ.

ಎರಡನೆಯದು ಆಳ. ಲಾಕಿನಿಂದ ಟ್ರ್ಯಾಪಿಗೆ ಸರಪಣಿ 30 ಸೆಂಮೀ, ಹಿಂಗಾಲಲ್ಲಿ ಸಿಕ್ಕ ಬೀವರ್ ಮೇಲಕ್ಕೆ ಚಾಚಿದರೆ ಸುಮಾರು 1 ಮೀಟರ್. ಲಾಕು ನಿಲ್ಲುವ ಜಾಗದ ಮೇಲೆ 1.3 ಮೀಟರ್ ನೀರಿದ್ದರೆ ಮೂಗು ಮೇಲೆ ಬಂದೇ ಬರುತ್ತದೆ. 1.8 ಮೀಟರಿಗೆ ಕಡಿಮೆ ಇರುವ ಕಡೆ ಈ ಹೂಟ ಬೇಡ, ಅದೂ ನೀರು ಇಳಿಯುವ ಜಲಾಶಯದಲ್ಲಿ ಇಳಿದ ಮೇಲಿನ ಆಳವೇ ಲೆಕ್ಕ. ಸರಪಣಿಯಲ್ಲಿ ತಿರುಗುಣಿ (ಸ್ವಿವೆಲ್) ಕನಿಷ್ಠ ಎರಡಿರಲಿ.

ಮೂರನೆಯದು ಮಟ್ಟದ ಏರಿಳಿತ, ತೆಪ್ಪದ ಹೂಟದ ನಿಜವಾದ ಇಕ್ಕಟ್ಟು. ನೀರು ಏರಿದರೆ ಕೇಬಲ್ ಬಿಗಿದು ಮೂತಿಯನ್ನು ಎಳೆಯುತ್ತದೆ. ಇಳಿದರೆ ಸಡಿಲವಾಗಿ ತೆಪ್ಪದ ಕೆಳಗೆ ಸುತ್ತಿಕೊಳ್ಳುತ್ತದೆ, ಆ ಸುತ್ತಿನಲ್ಲಿ ಲಾಕು ಸಿಕ್ಕಿ ನಿಲ್ಲುತ್ತದೆ. 30–40 ಸೆಂಮೀ ಏರಿಳಿತಕ್ಕೆ ಅಷ್ಟು ಸಡಿಲ ಬಿಟ್ಟು ನಿಭಾಯಿಸಬಹುದು. ಅದಕ್ಕೂ ಹೆಚ್ಚಿದ್ದರೆ ಕಾಲಿನ ಟ್ರ್ಯಾಪ್ ಬಿಟ್ಟು 330 ನಂಬರಿನ ಮೈ ಹಿಡಿಯುವ ಟ್ರ್ಯಾಪಿಗೆ ಹೋಗುವುದೇ ಜಾಣತನ.

330 ತೂಗುಬಿಟ್ಟ ತೆಪ್ಪ

330 ಅಂದರೆ 10 ಇಂಚು ಚೌಕದ, ಮೈ ಹಿಡಿದು ಬೇಗ ಕೊಲ್ಲುವ ಟ್ರ್ಯಾಪ್. ಕಾನಿಬೇರ್ ಎಂಬ ಹೆಸರು ಬಂದಿದ್ದು ಅದನ್ನು ರೂಪಿಸಿದ ಕೆನಡಾದ ಫ್ರಾಂಕ್ ಕಾನಿಬೇರ್ ಅವರಿಂದ. ಇದಕ್ಕೆ ಕೇಬಲ್ ಬೇಡ. ಬೀವರ್ ಓಡಾಡುವ ಕಾಲುವೆಗೆ ಅಡ್ಡಲಾಗಿ ತೇಲುವ ದಿಮ್ಮಿ, ಅದರಡಿ ಟ್ರ್ಯಾಪ್. ದಿಮ್ಮಿ ಕಂಡು ಬೀವರ್ ಮುಳುಗಿ ಕೆಳಗೆ ನುಸುಳುತ್ತದೆ.

ನುಸುಳದೆ ಪಕ್ಕಕ್ಕೆ ಹೋಗುತ್ತಿದ್ದರೆ ಟ್ರ್ಯಾಪಿನ ಎರಡು ಕಡೆ ಒಣಕಡ್ಡಿಯ ಬೇಲಿ ಇಲ್ಲ. ಟ್ರ್ಯಾಪನ್ನೇ ತಳ್ಳಿ ಹೋಗಿದ್ದರೆ ಅದು ಗಂಟೆಯಂತೆ ತೂಗುತ್ತಿದೆ: ಎರಡೂ ಸ್ಪ್ರಿಂಗಿನ ಸುರುಳಿಗಳೊಳಗೆ ಗಟ್ಟಿ ಕೋಲು ತೂರಿಸಿ ದಿಮ್ಮಿಯ ಚೌಕಟ್ಟಿಗೆ ಕಟ್ಟಿ. ಸಿಡಿದು ಬರಿದಾಗಿದ್ದರೆ ಟ್ರಿಗರ್ ತಂತಿಗಳು ನಟ್ಟನಡುವೆ ಅಗಲವಾಗಿ ಹರಡಿದ್ದು ಬೀವರಿನ ಮೂತಿ ತಾಗುತ್ತಲೇ ಮುಚ್ಚಿದೆ. ತಂತಿಗಳನ್ನು ಒಂದು ಮೂಲೆಗೆ ಸರಿಸಿದರೆ ಬೀವರಿನ ಅಗಲ ಮೈ ತಾಗುತ್ತದೆ, ಸಪೂರ ನೀರುನಾಯಿ ತಾಗಿಸದೆ ದಾಟುವ ಅವಕಾಶವೂ ಹೆಚ್ಚು. ದಡದಲ್ಲಿ ಮೀನಿನ ಪೊರೆ ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯ ಜಾಗ. ಅಲ್ಲಿ ಟ್ರಿಗರ್ ಸರಿಸುವುದಲ್ಲ, ತೆಪ್ಪವನ್ನೇ ಸರಿಸಿ.

330ಕ್ಕೆ ಮೇಣ ಹಚ್ಚಬೇಡಿ. ಟ್ರಿಗರ್ ಜಾರಿ ಕೈಯಲ್ಲೇ ಸಿಡಿಯುತ್ತದೆ, ಕೈ ಮೂಳೆ ಮುರಿಯುವಷ್ಟು ಬಲವಿದೆ. ಸ್ಪ್ರಿಂಗಿನ ಎರಡು ಸೇಫ್ಟಿ ಕೊಕ್ಕೆಗಳನ್ನು ತೆಪ್ಪ ಕಟ್ಟಿ ಮುಗಿದ ಮೇಲೆ ಕೊನೆಗೆ ತೆಗೆಯಿರಿ. ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲು ಒಂದೂವರೆ ಮೀಟರ್ ಹಗ್ಗ, ಒಂದು ತುದಿಯಲ್ಲಿ ಕಾಲು ತೂರುವ ಕುಣಿಕೆ ಹಾಕಿ, ಜೇಬಿನಲ್ಲೇ ಇರಲಿ: ಇನ್ನೊಂದು ತುದಿಯನ್ನು ಸ್ಪ್ರಿಂಗಿನ ಎರಡು ಕಣ್ಣಿಗೆ ತೂರಿಸಿ, ಕಾಲಲ್ಲಿ ಮೆಟ್ಟಿ ಎಳೆದರೆ ಒಂದೇ ಕೈಯಲ್ಲೂ ಒತ್ತಬಹುದು. ದೋಣಿಯಲ್ಲಿ ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಇಲ್ಲದೆಯಂತೂ ಬೇಡವೇ ಬೇಡ.

ಯಾರೂ ಬಂದ ಗುರುತೇ ಇಲ್ಲ

ಈಗ ವಾಸನೆಯ ಬಾಟಲಿ. ಕ್ಯಾಸ್ಟರ್ ಅಂದರೆ ಬೀವರ್ ತನ್ನ ಗಡಿ ಗುರುತಿಸಲು ಕೆಸರುಗುಪ್ಪೆಯ ಮೇಲೆ ಬಿಡುವ ಗ್ರಂಥಿದ್ರವ. ಎರಡು ವರ್ಷದ ಮರಿಗಳು ಮನೆ ಬಿಟ್ಟು ಹೊಸ ಜಾಗ ಹುಡುಕುವ ವಸಂತದಲ್ಲಿ ಅದಕ್ಕೆ ಬೆಲೆ ಹೆಚ್ಚು. ಶರತ್ಕಾಲದಲ್ಲಿ ಹಸಿ ಪಾಪ್ಲರ್ ಕೊಂಬೆಗೇ ಹೆಚ್ಚು ಬರುತ್ತವೆ. ಅರ್ಧ ಚಮಚ ಸಾಕು. ಗುಪ್ಪೆಯ ತುದಿಯಲ್ಲಿ ಹಚ್ಚಿ ಮೇಲೊಂದು ತೊಗಟೆ ಮುಚ್ಚಿದರೆ ಮಳೆಗೆ ತೊಳೆದು ಹೋಗುವುದಿಲ್ಲ. ಕೆಸರು ಅದೇ ಹೊಳೆಯದ್ದಾಗಿರಲಿ. ಹೊಸ ತೆಪ್ಪವನ್ನು ನಾಲ್ಕೈದು ದಿನ ಟ್ರ್ಯಾಪ್ ಹೂಡದೆ, ಪಾಪ್ಲರ್ ಮಾತ್ರ ಕಟ್ಟಿ ಬಿಡಿ. ಕಡಿದ ಗುರುತು ಕಂಡ ಮೇಲೆ ಹೂಡಿದರೆ ಸಾಕು. ಅಷ್ಟು ದಿನದಲ್ಲೂ ಒಂದು ಕಡ್ಡಿ ಕದಲದಿದ್ದರೆ ಜಾಗ ತಪ್ಪು; ಹಸಿ ಕಡಿತ, ಕೆಸರು ಮೆತ್ತಿದ ಜಾರುದಾರಿ ಇರುವ ದಡದ ಹತ್ತಿರಕ್ಕೆ ಒಯ್ಯಿರಿ.

ಮಂಜುಗಟ್ಟಿದ ಬೆಳಗು

ನೀರಿನ ಮೇಲೆ ಪೊರೆಯಷ್ಟು ಮಂಜುಗಡ್ಡೆ ಕಟ್ಟಿದರೂ 7 ಸೆಂಮೀ ಆಳದ ಹೂಟ ಕೆಲಸ ಮಾಡುವುದಿಲ್ಲ. ಬಾಯಿಯೊಳಗಿನ ನೀರು ತೆಪ್ಪದ ಮಧ್ಯೆ ನಿಶ್ಚಲವಾಗಿರುವುದರಿಂದ ಹೊರಗಿನದಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಒಡೆದು ತೆಗೆದರೆ ಆ ರಾತ್ರಿಗೆ ಸಾಲಬಹುದು. ಮಂಜು ಒಂದು ಸೆಂಮೀ ದಾಟಿದರೆ ಟ್ರ್ಯಾಪ್ ಬಿಚ್ಚಿ, ತೆಪ್ಪವನ್ನು ದಡಕ್ಕೆಳೆದು, ಮಗುಚಿ, ಜಾಲರಿ ಎಲ್ಲಿ ಹರಿದಿದೆ ನೋಡಿ ಒಣಗಲು ಬಿಡಿ. ಪೈಪುಗಳನ್ನೂ ಆಗಲೇ ಕೀಳಬೇಕು, ಮಂಜಿನಲ್ಲಿ ಕಚ್ಚಿಕೊಂಡ ಮೇಲೆ ಬಗ್ಗದೆ ಬರುವುದಿಲ್ಲ.